ಅಶ್ವತ್ಥಪ್ಪನ ಪಾಲಿನ ಕಲ್ಲು

ಮೊದಲ ಕೊಡ ಎತ್ತಿದ್ದ ಶ್ಯಾಮಣ್ಣನ ರಟ್ಟೆಯನ್ನು ಅಶ್ವತ್ಥಪ್ಪ ಗಬಕ್ಕನೆ ಹಿಡಿದುಕೊಂಡ.

"ಸುರೀಬ್ಯಾಡ ಕಣ್ಲಾ. ಒಂದು ಗಳಿಗೆ ತಡಿ."

ಬಾಗಿಲ ಮುಂದೆ ಹಲಗೆಯ ಮೇಲೆ ಶ್ಯಾಮಣ್ಣನ ತಾಯಿ ರಾಮಲಕ್ಷ್ಮಮ್ಮನ ಹೆಣ ಕೂರಿಸಿದ್ದರು. ಎಂಬತ್ತು ದಾಟಿದ ಮುದುಕಿ. ಹಿಂದಿನ ರಾತ್ರಿ ಮುದ್ದೆ ಉಂಡು, ಸಾರಿಗೆ ಉಪ್ಪು ಕಮ್ಮಿ ಎಂದು ಸೊಸೆಯನ್ನು ಬಾಯಿ ತುಂಬ ಬೈದು ಮಲಗಿದವಳು ಬೆಳಗ್ಗೆ ಏಳಲಿಲ್ಲ. ಇಂಥ ಸಾವು ಯಾರಿಗುಂಟು? ಅಳುವವರಿಗಿಂತ ತಮಟೆಗೆ ಕುಣಿಯುವವರೇ ಬೀದಿಯಲ್ಲಿ ಜಾಸ್ತಿ ಇದ್ದರು.

"ನಮ್ಮವ್ವನ ಮೈ ತೊಳಿಯೋಕೆ ನಿನ್ನ ಅಪ್ಪಣೆ ಬೇಕೇನಣ್ಣ?" ಶ್ಯಾಮಣ್ಣ ಕೈ ಕೊಸರಿಕೊಂಡ.

"ಹಂಗಲ್ಲಪ್ಪ. ಹಿತ್ತಿಲಾಗೆ ತೊಳೀರಿ ಅಂತ."

"ಹಿತ್ತಿಲಾಗಾ? ಮುಂಬಾಗಿಲಾಗೆ ನಿಂತು ಇಡೀ ಆಲಸನತ್ತ ಊರ್ನೇ ಆಳ್ದೋಳು ಕಣಣ್ಣ ಅವ್ಳು. ಕಳ್ಳಿ ಥರ ಹಿತ್ತಿಲಾಗೆ ತೊಳೀಬೇಕಾ?"

ಅಶ್ವತ್ಥಪ್ಪ ತನ್ನ ಮನೆಯ ಕಡೆ ತಿರುಗಿ ನೋಡಿದ. ಎರಡು ಮನೆ ಕೆಳಗೆ ಅವನ ಬಾಗಿಲಲ್ಲಿ ಹಸಿರು ಚಪ್ಪರ, ಬಾಳೆಕಂಬ, ಮಾವಿನ ತೋರಣ. ನಾಳೆ ಬೆಳಗಿನ ಜಾವ ಮಗಳ ಧಾರೆ. ಸಂಜೆ ತಳಿ ಊರಿನ ಬಸ್ಸಿನಲ್ಲಿ ಬೀಗರು ಬಂದಿಳಿಯುತ್ತಾರೆ. ಆ ಚಪ್ಪರದ ಮುಂದೆಯೇ ಚರಂಡಿ. ಬೀದಿಯ ಉದ್ದಕ್ಕೂ ಚಪ್ಪಡಿ ಕಲ್ಲು ಮುಚ್ಚಿಕೊಂಡು ಮಾನವಾಗಿ ಹೋಗುವ ಚರಂಡಿ ಅವನ ಮನೆ ಮುಂದೆ ಮಾತ್ರ ಬಾಯಿ ಬಿಟ್ಟುಕೊಂಡಿತ್ತು. ಹೆಣ ತೊಳೆದ ನೀರು ಮದುವೆ ಚಪ್ಪರದ ಮುಂದೆ ಕಣ್ಣಿಗೆ ಕಾಣುವಂತೆ ಹರಿಯಿತು ಅಂತ ಬೀಗರ ಕಿವಿಗೆ ಬಿದ್ದರೆ ಸಾಕು, ಬಂದ ಬಸ್ಸಿಗೇ ವಾಪಸ್ಸು.

ತೆರೆದಿಟ್ಟವನು ಯಾರು? ಅವನೇ.

*

ಎಪ್ಪತ್ತೆಂಟನೇ ಇಸವಿ. ಪಕ್ಕದ ಹೊಸೂರಿಗೆ ಫ್ಯಾಕ್ಟರಿಗಳು ಬಂದು, ಮನೆಯ ಮೇಲೆ ಮನೆ ಎದ್ದು, ಬೀದಿಯೆಂಬುದು ಹಂದಿ ಹೊರಳುವ ಕೆಸರಾಗಿತ್ತು. ವೋಟು ಕೇಳಲು ಬಂದ ದೊಡ್ಡಮನುಷ್ಯರೆಲ್ಲ ಪಂಚೆ ಎತ್ತಿಕೊಂಡು ಆ ಕೆಸರು ದಾಟಿ ಹೋದವರೇ; ಒಬ್ಬನಾದರೂ ನಿಂತು ಇದೇನು ಅಂತ ಕೇಳಿರಲಿಲ್ಲ. ಧರ್ಮಪುರಿಯಿಂದ ಬಂದ ಎಂಜಿನಿಯರೊಬ್ಬ ಮಾತ್ರ ರಾಗಿ ಮಿಲ್ಲಿನ ಮುಂದೆ ನಕ್ಷೆ ಹಾಸಿ, ಅದು ಹಾರದಂತೆ ಮೂಲೆಗಳಿಗೆ ಕಲ್ಲಿಟ್ಟು, "ಅಗೆಯೋಕೆ ಮುಂಚೆ ನೀವು ಹೇಳಿ. ತಮಿಳಾದರೂ ಸರಿ, ಕನ್ನಡ ಆದರೂ ಸರಿ" ಎಂದ.

ಹುಟ್ಟಿದಾಗಿನಿಂದ ಯಾರೂ ಏನೂ ಕೇಳದ ಜನ. ಕೇಳಿದ ಕೂಡಲೇ ಕಟ್ಟೆ ಒಡೆಯಿತು. ಒಬ್ಬ ಬಸ್ಸು ಕೇಳಿದ, ಒಬ್ಬ ಕರೆಂಟು ಕೇಳಿದ, ಮುನಿಶಾಮಪ್ಪ ತನ್ನ ಮಗನಿಗೆ ಹೆಣ್ಣು ಕೇಳಿದ. ಚರಂಡಿಯ ಮಾತನ್ನೇ ಯಾರೂ ಎತ್ತಲಿಲ್ಲ. ಆಗ ಗಂಡಸರನ್ನು ಮೊಣಕೈಯಲ್ಲಿ ತಿವಿಯುತ್ತ ರಾಮಲಕ್ಷ್ಮಮ್ಮ ಮುಂದೆ ನುಗ್ಗಿದಳು.

"ಸಾಮೀ, ಹೆಣ ತೊಳೆದ ನೀರು ಎಲ್ಲಿಗೆ ಹೋಯ್ತದೆ?"

ಎಲ್ಲರೂ ಘೊಳ್ಳೆಂದರು.

"ನಗ್ರಪ್ಪ, ನಗ್ರಿ. ನೀವ್ಯಾರೂ ಸಾಯಾಕಿಲ್ಲ ಅಂತ ಕಾಣ್ತದೆ. ಮೇಲಿನ ಮನೇಲಿ ಸಾವು, ಕೆಳಗಿನ ಮನೇಲಿ ಮದ್ವೆ ಒಂದೇ ದಿನ ಬಂದ್ರೆ ಏನ್ ಮಾಡ್ತೀರ? ನೀರ್ನ ಕೈ ಅಡ್ಡ ಇಟ್ಟು ನಿಲ್ಲಿಸ್ತೀರಾ?"

ಎಂಜಿನಿಯರು ನಗು ನುಂಗಿದ. "ನೀಂಗ ಕೇಕ್ಕಿರದು ಸರಿದಾನಮ್ಮಾ, ನೀವು ಕೇಳೋದು ಸರಿ. ಆದರೆ ಸರ್ಕಾರ ಕೊಡೋದು ಬರೀ ಕಾಲುವೆಗೆ. ಮುಚ್ಚಳ ನೀವೇ ನೋಡ್ಕೋಬೇಕು."

"ಕಲ್ಲಿಗೇನು ಬರ? ಈ ಸೀಮೇಲಿ ಬಿತ್ತದೆ ಬೆಳೆಯೋದು ಅದೊಂದೇಯ!"

ಆಮೇಲೆ ನೀರಿನ ದಾರಿ ಯಾವುದು ಎಂಬ ಜಗಳ. ನಕ್ಷೆಯ ಗೆರೆ ಎದುರು ಸಾಲಿನಲ್ಲಿತ್ತು. ದಾರಿ ನೀರೇ ತೋರಿಸಲಿ ಎಂದು ಹೆಂಗಸರು ಒಳಗೆ ಹೋಗಿ ಕೊಡಗಟ್ಟಲೆ ನೀರು ತಂದು ನಡುಬೀದಿಯಲ್ಲಿ ಸುರಿದರು. ನೀರು ಓಡಿತು, ಅದರ ಹಿಂದೆ ಊರು ಓಡಿತು, ಊರಿನ ಹಿಂದೆ ಪ್ಯಾಂಟು ಮಡಚಿಕೊಂಡು ಸುಣ್ಣದ ಗುರುತು ಹಾಕುತ್ತ ಎಂಜಿನಿಯರೂ ಓಡಿದ. ಓಕುಳಿಯಲ್ಲೂ ಬೀದಿ ಅಷ್ಟು ನಕ್ಕಿರಲಿಲ್ಲ.

ನೀರು ಹೋದದ್ದು ಅಶ್ವತ್ಥಪ್ಪನ ಬಾಗಿಲ ಮುಂದೆ.

"ಊರ ಕೊಳೆಯೆಲ್ಲ ನನ್ನ ಹೊಸಲಿಗಾ?" ಅವನು ಕಿಡಿಕಿಡಿಯಾದ. ಚರಂಡಿ ನಿಲ್ಲಿಸಲಾಗಲಿಲ್ಲ. ಬಂಡೆಯಿಂದ ಎತ್ತಿನಗಾಡಿಯಲ್ಲಿ ಚಪ್ಪಡಿಗಳು ಬಂದಾಗ ತನ್ನ ಪಾಲು ಇಳಿಸಲು ಬಿಡಲಿಲ್ಲ. "ಮುಚ್ಚಿದ್ರೆ ಒಪ್ಕೊಂಡಂಗೆ. ತೆರೆದೇ ಇರ್ಲಿ. ಊರ ಕೊಳೆ ಊರಿಗೆ ಕಾಣ್ಲಿ!"

ರಾಮಲಕ್ಷ್ಮಮ್ಮ ಆ ಕಲ್ಲುಗಳನ್ನು ತನ್ನ ಹಿತ್ತಿಲಿಗೆ ಹಾಕಿಸಿಕೊಂಡಳು. "ನಿನ್ನ ಪಾಲು ಎಲ್ಲೂ ಹೋಗಾಕಿಲ್ಲ ಕಣ್ಲಾ. ಬಾಯಿಬಿಟ್ಟು ಒಂದು ಮಾತು ಕೇಳು, ಕೊಡ್ತೀನಿ."

ಅವನು ಕೇಳಲಿಲ್ಲ. ಆರು ವರ್ಷ ಅವಳು ಅದರಲ್ಲೊಂದರ ಮೇಲೆ ಬಟ್ಟೆ ಒಗೆದಳು. ಒಂದೊಂದು ಏಟಿಗೂ ಅವನ ಮನೆಗೆ ಕೇಳುವ ಹಾಗೆ ಕೂಗುತ್ತಿದ್ದಳು: "ಅಶ್ವತ್ಥಾ, ಇದು ನಿನ್ನ ಕಲ್ಲೇ ಕಣ್ಲಾ!"

*

ತಮಟೆ ನಿಂತಿತ್ತು. ಕೊಡ ಶ್ಯಾಮಣ್ಣನ ಕೈಯಲ್ಲೇ ಇತ್ತು. ಅರಿಶಿನದ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಅಶ್ವತ್ಥಪ್ಪನ ಹೆಂಡತಿ ಪಾರ್ವತಮ್ಮ ಓಡಿಬಂದಳು.

"ಆರು ವರ್ಸ ಮನೆಮಂದಿಗೆಲ್ಲ ನಾತ ಕುಡಿಸಿದ್ದು ಸಾಲ್ದಾ? ಮಗಳ ಮದ್ವೇನೂ ಆ ಚರಂಡೀಗೆ ಹಾಕ್ತೀಯಾ? ಕಲ್ಲು ಕೇಳು!"

"ಯಾರ್ನ ಕೇಳ್ಲೇ? ಅವ್ಳು ಹೋಗ್ಬುಟ್ಳಲ್ಲ."

"ಅಗೋ ಕುಂತವ್ಳಲ್ಲ," ಎಂದ ಮುನಿಶಾಮಪ್ಪ, ಹೆಣದ ಕಡೆ ಗದ್ದ ಎತ್ತಿ. "ಬಾಯಿಬಿಟ್ಟು ಕೇಳು ಅಂದಿದ್ದು ಅವ್ಳೇ ತಾನೆ? ಇನ್ನೂ ಮನೆ ಮುಂದೆ ಅವ್ಳೆ. ಆಮೇಲೆ ಸಿಕ್ಕಾಕಿಲ್ಲ."

ಅಶ್ವತ್ಥಪ್ಪ ಸುತ್ತ ನೋಡಿದ. ಯಾರೂ ನಗಲಿಲ್ಲ. ಟವಲನ್ನು ಹೆಗಲಿಂದ ತೆಗೆದು ಕಂಕುಳಿಗೆ ಸಿಕ್ಕಿಸಿ, ಹಲಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಮುದುಕಿಯ ತುಟಿ ಈಗಲೂ ಏನೋ ಬೈಗುಳ ಹಿಡಿದಿಟ್ಟುಕೊಂಡ ಹಾಗಿತ್ತು.

"ಅಕ್ಕಾ... ನನ್ನ ಕಲ್ಲು ಕೊಡಕ್ಕ."

ಹೆಣವನ್ನು ಹಿಂದಿನಿಂದ ಆನಿಸಿ ಹಿಡಿದಿದ್ದ ಸೊಸೆಗೆ ದುಃಖ ಉಕ್ಕಿ ಕೈ ಸಡಿಲಿತು. ರಾಮಲಕ್ಷ್ಮಮ್ಮನ ತಲೆ ಮೆಲ್ಲಗೆ ಮುಂದಕ್ಕೆ ವಾಲಿತು.

"ಕೊಟ್ಳು! ಕೊಟ್ಳು ಕಣ್ರೋ!" ಮುನಿಶಾಮಪ್ಪ ಕುಣಿದುಬಿಟ್ಟ.

ಬೀದಿಗೆ ಬೀದಿಯೇ ನಕ್ಕಿತು. ಶ್ಯಾಮಣ್ಣನೂ ನಕ್ಕ, ನಗುತ್ತಲೇ ಕಣ್ಣೊರೆಸಿಕೊಂಡು ಕೊಡ ಕೆಳಗಿಟ್ಟ. "ನಡಿಯಣ್ಣ, ಎತ್ತಾಣ."

ಚಟ್ಟಕ್ಕೆ ಹೆಗಲು ಕೊಡಲು ಬಂದವರು ಮೊದಲು ಕಲ್ಲಿಗೆ ಕೊಟ್ಟರು. ಒಂದೊಂದು ಚಪ್ಪಡಿಗೆ ನಾಲ್ಕು ಆಳು, ಮುಂದೆ ತಮಟೆ. ಚಪ್ಪರದ ನೇರಕ್ಕೆ ಇಟ್ಟದ್ದು ಕೊನೆಯ ಕಲ್ಲು. ಬಟ್ಟೆಯ ಏಟಿಗೆ ಸವೆದು ನುಣ್ಣಗಾಗಿ, ಸೋಪಿನ ಬಿಳುಪು ಇನ್ನೂ ಮೆತ್ತಿಕೊಂಡಿದ್ದದ್ದು.

ಅಶ್ವತ್ಥಪ್ಪ ಅದಕ್ಕೆ ಕಿವಿ ಹಚ್ಚಿ ಬೋರಲು ಬಿದ್ದುಕೊಂಡ. ಎರಡು ಮನೆ ಮೇಲೆ ಶ್ಯಾಮಣ್ಣ ತಾಯಿಗೆ ಮೊದಲ ಕೊಡ ಸುರಿದ.

"ಬಂದ್ಳೇನಣ್ಣಾ?"

"ತಡಿ... ಬಂದ್ಳು! ಅಯ್ಯಯ್ಯೋ, ಎಷ್ಟು ಜೋರಾಗಿ ಬತ್ತಾವ್ಳೆ!" ಕಲ್ಲಿನ ಮೇಲೆ ಕೆನ್ನೆಯಿಟ್ಟೇ ಅವನು ಕೂಗಿದ. "ದಾಟ್ಬುಟ್ಳು ಕಣ್ಲಾ!"

ಕಲ್ಲಿನ ಮೇಲೆ ಒಂದು ಹನಿಯೂ ಬರಲಿಲ್ಲ. ಒದ್ದೆಯಾದದ್ದು ಅವನ ಕೆನ್ನೆ ತಾಗಿದ ಜಾಗವೊಂದೇ.

ಸಂಜೆ ತಳಿ ಬಸ್ಸು ಬಂತು. ಕಾಲು ತೊಳೆಯಲು ಬೀಗಿತ್ತಿ ಆ ಕೊನೆಯ ಕಲ್ಲಿನ ಮೇಲೆಯೇ ನಿಂತಳು.

"ಎಷ್ಟು ನುಣ್ಣಗಿದೆ! ಎಲ್ಲಿಂದ ತಂದ್ರಿ ಬೀಗರೇ?"

"ನಮ್ಮಕ್ಕ ಕೊಟ್ಟಿದ್ದು," ಎಂದು ಅಶ್ವತ್ಥಪ್ಪ ಚೊಂಬು ಬಗ್ಗಿಸಿದ. ಬೀಗಿತ್ತಿಯ ಪಾದದಿಂದ ಇಳಿದ ಅರಿಶಿನದ ನೀರು ಕಲ್ಲಿನ ಸಂದಿ ಹುಡುಕಿ, ಬೆಳಗ್ಗೆ ಮುದುಕಿ ಹೋದ ದಾರಿಯಲ್ಲೇ ಗುಳುಗುಳು ಎನ್ನುತ್ತ ಇಳಿದುಹೋಯಿತು.