ಬೇರೆ ಪೊಟ್ಟಣ

ನಾಂಟೇಜಾ ಅಮ್ಮನ ಚಾಕುವನ್ನು ಒರೆಸಿ ಸೊಂಟದ ಪಟ್ಟಿಯ ಮಡಿಕೆಯೊಳಗೆ ತುರುಕಿಕೊಳ್ಳುತ್ತಿದ್ದ ಹಾಗೆಯೇ ಅಡುಗೆಮನೆಯ ಬಾಗಿಲಲ್ಲಿ ತೆರೆಜಾ ಮುದುಕಿ ಬಂದು ನಿಂತಳು. ನಾಂಟೇಜಾ ಥಟ್ಟನೆ ಬಗ್ಗಿ ಮೂಲೆಯ ಬುಟ್ಟಿಯನ್ನು ಎತ್ತಿಕೊಂಡಳು.

"ಬುಟ್ಟಿ ಸಿಕ್ತು ಅಜ್ಜಿ. ಚಾಕು ಕಾಣ್ತಿಲ್ಲ."

"ಕಾಣ್ತಿಲ್ಲ ಅಂದ್ರೆ? ಮೂವತ್ತು ವರ್ಷ ನಿಮ್ಮಮ್ಮನ ಕೈ ಬಿಟ್ಟಿಲ್ಲ ಅದು. ಹೋಗ್ತಾ ಜೊತೇಲಿ ಕಟ್ಕೊಂಡ್ ಹೋದ್ಲಾ?"

"ನಂಗೇನ್ ಗೊತ್ತು? ಈ ಮನೇಲಿ ಇರೋಳು ನಾನಲ್ವಲ್ಲ. ಇರೋರನ್ನೇ ಕೇಳಿ."

ಪಕ್ಕದ ಮನೆಯ ತೆರೆಜಾಳಿಗೆ ಎಂಬತ್ತು ದಾಟಿತ್ತು. ಕಣ್ಣು ಮಂಜಾಗಿದ್ದರೂ ಮುಖ ಓದಲು ಅವಳಿಗೆ ಕಣ್ಣು ಬೇಕಿರಲಿಲ್ಲ. ಹೊರಗೆ ಬಾಳೆತೋಟದಲ್ಲಿ ಗುಂಡಿ ತೋಡುವ ಗುದ್ದಲಿಗಳ ಸದ್ದು ನಿಂತಿತ್ತು. ಅಮ್ಮ ಸ್ಪೆಸಿಯೋಜಳ ಹೆಣ ಸುತ್ತಲು ಮರದ ತೊಗಟೆ ಬಡಿದು ಮಾಡಿದ ನಾರುಮಡಿ ಹಾಸುತ್ತಿದ್ದರು.

ನಮ್ಮಲ್ಲಿ ಮಕ್ಕಳು ಅಪ್ಪನ ಕುಲಕ್ಕೆ ಸೇರಿದವರು. ಹೆಂಗಸು ಸತ್ತರೆ ಅವಳ ಜಾಗಕ್ಕೆ ಅವಳ ಕುಲದ ಹೆಣ್ಣೇ ಬರಬೇಕು, ಎಂದರೆ ಹೆತ್ತ ಮಗಳಲ್ಲ, ತಮ್ಮನ ಮಗಳು. ಹಿಂದೆ ಇದಕ್ಕೆ ತಿಂಗಳುಗಟ್ಟಲೆ ಕಾಯುತ್ತಿದ್ದರು. ಈಗ ಮಣ್ಣು ಕೊಟ್ಟ ದಿನವೇ ಆ ಹುಡುಗಿಯ ಹೆಗಲಿಗೆ ನಾರುಮಡಿ ಕಟ್ಟಿ, ಬುಟ್ಟಿ, ಚಾಕು ಕೈಗಿಟ್ಟು ಮುಗಿಸಿಬಿಡುತ್ತಾರೆ. ಆ ಗಳಿಗೆಯಿಂದ ಸತ್ತವಳ ಮಕ್ಕಳೆಲ್ಲ ಅವಳನ್ನು ಅಮ್ಮ ಅನ್ನಬೇಕು. ನಾಂಟೇಜಾಳಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಬರುವವಳು ಸೋದರಮಾವನ ಮಗಳು ಗೊರೆಟ್ಟಿ. ನಾಂಟೇಜಾಳಿಗೆ ಮೂವತ್ತಾರು, ಗೊರೆಟ್ಟಿಗೆ ಇಪ್ಪತ್ತನಾಲ್ಕು. ಅವಳ ಮೂಗು ಒರೆಸಿದ ಕೈ ಇದು. ಈಗ ಅವಳ ಮುಂದೆ ಮಂಡಿಯೂರಿ ಅಮ್ಮಾ ಅನ್ನಬೇಕು.

*

ಗೊರೆಟ್ಟಿಯನ್ನು ಈ ಮನೆಗೆ ತಂದ ವರ್ಷವೇ ಜನಗಣತಿಯವನು ಬಂದಿದ್ದ. ಜಗಲಿಯ ಮೇಲೆ ಕೂತು, ತೊಡೆಯ ಮೇಲೆ ಕಾಗದ ಹರಡಿಕೊಂಡಿದ್ದ. ಸ್ಪೆಸಿಯೋಜ ಶಾಲೆಯ ಅಡುಗೆಮನೆಯಿಂದ ಆಗಷ್ಟೇ ಬಂದು ಮನೆಯ ಅಡುಗೆಗೆ ಬಾಳೆಕಾಯಿ ಸುಲಿಯುತ್ತಿದ್ದಳು.

"ನಿನ್ನೆ ರಾತ್ರಿ ಈ ಮನೇಲಿ ಮಲಗಿದ್ದೋರು ಎಷ್ಟು ಜನ?"

"ಇಪ್ಪತ್ತು."

"ದುಡಿಯೋರು?"

"ನಾನು."

"ನೀವು... ಮತ್ತೆ?"

"ನಾನು ಅಂದ್ನಲ್ಲಪ್ಪ."

ಅವನು ಪೆನ್ನು ಕಚ್ಚಿದ. ಒಂದೊಂದೇ ಮಗುವನ್ನು ತೋರಿಸಿ ಏನಾಗಬೇಕು ಎಂದು ಕೇಳುತ್ತ ಹೋದ. ಅಕ್ಕ ಬಿಟ್ಟು ಸತ್ತ ಮೂವರು, ಭಾವ ತಂದುಬಿಟ್ಟ ಇಬ್ಬರು, ಯಾರ ಯಾರದೋ ಉಳಿದವರು, ಕೊನೆಗೆ ಜ್ವರದಲ್ಲಿ ತೀರಿಕೊಂಡ ತಮ್ಮನ ಎರಡು ವರ್ಷದ ಗೊರೆಟ್ಟಿ. ಎಲ್ಲರಿಗೂ ಸ್ಪೆಸಿಯೋಜಳದು ಒಂದೇ ಉತ್ತರ, "ಮಗು."

"ಸುಳ್ಳು!" ಎಂದು ಹದಿನಾಲ್ಕರ ನಾಂಟೇಜಾ ಕಿರುಚಿದ್ದಳು. "ಬರ್ಕೊಳ್ಳಿ ಸಾರ್, ಮಗಳು ನಾನೊಬ್ಳೇ. ಮಿಕ್ಕಿದ್ದೆಲ್ಲ ಬಂದು ಸೇರ್ಕೊಂಡಿದ್ದು."

ಅಮ್ಮ ಹೊಡೆಯಲಿಲ್ಲ, ಬೈಯಲೂ ಇಲ್ಲ. ಕಾಯಿಯಿಂದ ಕಣ್ಣೆತ್ತದೆ "ಹೋಗಿ ನೀರು ತಗೊಂಡ್ ಬಾ" ಅಂದಳು, ಅಷ್ಟೇ. ಕೊಡ ತುಂಬಿಸಿಕೊಂಡು ಬರುವಾಗ ಅವಳ ಚಾಪೆಯ ಮೇಲೆ, ಅಮ್ಮನ ಪಕ್ಕದ ಅವಳ ಜಾಗದಲ್ಲಿ ಗೊರೆಟ್ಟಿ ಮಲಗಿ ನಿದ್ದೆಹೋಗಿತ್ತು. ಆ ಜಾಗ ನಾಂಟೇಜಾಳಿಗೆ ಮತ್ತೆ ಸಿಗಲಿಲ್ಲ. ಸಂಜೆ ಎಲ್ಲರಿಗೂ ಒಂದೇ ಎಲೆಯಲ್ಲಿ ಬಡಿಸುವಾಗ ತನ್ನ ಕಡೆಗೆ ಒಂದು ತುತ್ತಾದರೂ ಹೆಚ್ಚು ಬರುತ್ತದೇನೋ ಎಂದು ವರ್ಷಗಟ್ಟಲೆ ನೋಡಿದಳು. ಬರಲಿಲ್ಲ. ಇಪ್ಪತ್ತೊಂದಕ್ಕೆ ಮದುವೆಯಾಗಿ ದೂರದ ಜಿಂಜಾ ಪಟ್ಟಣಕ್ಕೆ ಹೊರಟಾಗ ತಿರುಗಿಯೂ ನೋಡಲಿಲ್ಲ. ಆಮೇಲೆ ಬಂದದ್ದು ವರ್ಷಕ್ಕೊಮ್ಮೆ, ಅದೂ ಬೆಳಿಗ್ಗೆ ಬಂದು ಮಧ್ಯಾಹ್ನ ಹೊರಡುವವಳು.

*

ಮಣ್ಣು ಮುಗಿದ ಮೇಲೆ ಕುಲದ ಹಿರಿಯ ಲುತಾಯಾ ಚಪ್ಪರದ ಕೆಳಗೆ ಗೊರೆಟ್ಟಿಯನ್ನು ಚಾಪೆಯ ಮೇಲೆ ನಿಲ್ಲಿಸಿದ. ನಾರುಮಡಿಯ ಗಂಟು ಹೆಗಲ ಮೇಲೆ ಬಿಗಿದ.

"ಚಾಕು ಎಲ್ರಮ್ಮ?"

ಹೆಂಗಸರು ಮುಖ ಮುಖ ನೋಡಿಕೊಂಡರು. ನಾಂಟೇಜಾಳ ಸೊಂಟದಲ್ಲಿ ಚಾಕುವಿನ ಹಿಡಿ ಪಕ್ಕೆಗೆ ಒತ್ತುತ್ತಿತ್ತು. ಚಾಕು ಇಲ್ಲದಿದ್ದರೆ ನಿಲ್ಲಿಸುತ್ತಾರೆ, ಇವತ್ತಿಗೆ ಬೇಡ ಅನ್ನುತ್ತಾರೆ ಎಂದು ಅವಳು ಲೆಕ್ಕ ಹಾಕಿದ್ದಳು.

"ಅಯ್ಯೋ, ನಂದೇ ತಗೊಳಿ," ಎಂದು ತೆರೆಜಾ ತನ್ನ ಮೊಂಡು ಚಾಕುವನ್ನು ಮುಂದೆ ಚಾಚಿದಳು. "ಬಾಳೆಕಾಯಿಗೇನು, ಯಾರ ಚಾಕು ಅಂತ ಗೊತ್ತಾಗತ್ತಾ?"

ಜನ ನಕ್ಕರು. ಮುಗಿದೇಹೋಯಿತು. ಲುತಾಯಾ ಗೊರೆಟ್ಟಿಯ ಕೈಗೆ ಬುಟ್ಟಿ, ಚಾಕು ಇಟ್ಟು, "ಇವತ್ತಿಂದ ನೀನೇ ಸ್ಪೆಸಿಯೋಜ. ಈ ಮನೆಯ ಹೊಟ್ಟೆಗಳೆಲ್ಲ ನಿನ್ನವು. ಮಕ್ಕಳು ಬಂದು ಅಮ್ಮನ್ನ ಮಾತಾಡ್ಸಿ. ಹೆತ್ತ ಮಗಳು ಮೊದಲು," ಅಂದ.

ನಾಂಟೇಜಾ ಮಂಡಿಯೂರಿದಳು. ತುಟಿ ಅಲ್ಲಾಡಿಸಿದಳು, ಅಮ್ಮಾ ಅನ್ನಲಿಲ್ಲ.

"ಏನೋ ಅಂದ್ಳು, ನಂಗೆ ಕೇಳಿಸ್ತು," ಎಂದು ತೆರೆಜಾ ಗಟ್ಟಿಯಾಗಿ ಹೇಳಿ ಅವಳನ್ನು ಎಬ್ಬಿಸಿದಳು. ಪಕ್ಕಕ್ಕೆ ಕರೆದುಕೊಂಡು ಹೋಗಿ ಕಿವಿಯಲ್ಲಿ ಉಸುರಿದಳು, "ಹೊಟ್ಟೆಕಿಚ್ಚು ಪಡೋಕೆ ಅವಳಿಗೆ ಸಿಕ್ಕಿದ್ದಾದ್ರೂ ಏನೇ? ಹದಿನೈದು ಮಕ್ಕಳು, ಇಬ್ಬರು ಹಣ್ಣು ಮುದುಕರು. ಪೇಟೇಲಿ ಕೂದ್ಲು ಹೆಣೆಯೋ ಅಂಗಡೀಲಿ ನಿಂತು ಇಷ್ಟೂ ಜನಕ್ಕೆ ತಂದು ಹಾಕ್ಬೇಕು. ಬೇಕಾ ನಿಂಗೆ? ಬೇಕಂದ್ರೆ ಹೇಳು, ಈಗ್ಲೇ ಕೊಡಿಸ್ತೀನಿ."

"ಅದ್ಯಾರಿಗೆ ಬೇಕು ಅಜ್ಜಿ."

"ಮತ್ತೆ?"

ನಾಂಟೇಜಾಳಿಗೆ ಬೇಕಿದ್ದುದೇ ಬೇರೆ. ಅಮ್ಮ ತನ್ನೊಬ್ಬಳ ಅಮ್ಮನಾಗಿರಬೇಕಿತ್ತು, ಒಂದು ದಿನವಾದರೂ. ಇಷ್ಟು ವಯಸ್ಸಾದವಳು ಅದನ್ನು ಬಾಯಿಬಿಟ್ಟು ಹೇಗೆ ಹೇಳುವುದು?

*

ಜನ ಕರಗಿದರು. ಸಂಜೆಯ ಅಡುಗೆ ಹೊಸ ಅಮ್ಮನದೇ ಆಗಬೇಕು. ಗೊರೆಟ್ಟಿ ತೆರೆಜಾಳ ಮೊಂಡು ಚಾಕುವಿನಲ್ಲಿ ತಿಣುಕುತ್ತ ಗೊನೆಯಿಡೀ ಸುಲಿದಳು. ಸಿಪ್ಪೆಯ ಜೊತೆ ತಿರುಳೂ ಹೋಗುತ್ತಿತ್ತು. ನಾಂಟೇಜಾ ಗೋಡೆಗೊರಗಿ ನೋಡುತ್ತ ಕೂತಳು. ಸೊಂಟದಲ್ಲಿದ್ದುದನ್ನು ಕೊಡಲಿಲ್ಲ. ಬಾಳೆಎಲೆಯಲ್ಲಿ ಸುತ್ತಿ ಬೇಯಿಸಿ ಅದುಮಿದ ಕಾಯಿಯ ದೊಡ್ಡ ಮೂಟೆ ಬಿಚ್ಚಿದಾಗ ಹಬೆ ಎದ್ದಿತು. ಹದಿನೈದು ಮಕ್ಕಳೂ ಇಬ್ಬರು ಮುದುಕರೂ ಎಲೆಯ ಸುತ್ತ ಕೂತು ಕಡಲೆಕಾಯಿ ಸಾರಿನ ಜೊತೆ ತಿಂದರು. ನಾಂಟೇಜಾ ಹಸಿವಿಲ್ಲ ಅಂದಳು.

ಆಗ ಗೊರೆಟ್ಟಿ ಮಡಕೆಯ ತಳಕ್ಕೆ ಕೈಹಾಕಿ, ಬಾಳೆನಾರಿನಿಂದ ಬಿಗಿದು ಕಟ್ಟಿದ ಪುಟ್ಟ ಪೊಟ್ಟಣವೊಂದನ್ನು ತೆಗೆದು ಅವಳ ಮುಂದೆ ಇಟ್ಟಳು.

"ಏನಿದು?"

"ನಿಂದು ಅಕ್ಕ. ದಿನಾ ಇಡೋದು."

"ದಿನಾ?"

"ನೀನು ಜಿಂಜಾಕ್ಕೆ ಹೋದ ದಿನದಿಂದ. ನಾಂಟೇಜಾ ಬಂದ್ರೆ ಅಂತ ಅಮ್ಮ ಬೇರೆ ಕಟ್ಟೋಳು. ಬೆಳಿಗ್ಗೆವರೆಗೂ ಯಾರೂ ಮುಟ್ಟೋ ಹಾಗಿಲ್ಲ. ಆಮೇಲೆ ತಣ್ಣಗಾದದ್ದನ್ನ ತಾನೇ ತಿಂದು ಕೆಲಸಕ್ಕೆ ಹೋಗೋಳು." ಗೊರೆಟ್ಟಿ ಸಿಪ್ಪೆಗಳನ್ನು ಗುಡ್ಡೆಮಾಡತೊಡಗಿದಳು. "ಹದಿನೈದು ವರ್ಷ ಅಕ್ಕ. ನನಗೆಷ್ಟು ಹೊಟ್ಟೆ ಉರೀತಿತ್ತು ಗೊತ್ತಾ? ನಾವು ಇಲ್ಲೇ ಇದ್ವಿ, ನಮಗೆಲ್ಲ ಒಂದೇ ಎಲೆ. ಇಲ್ದೇ ಇರೋಳಿಗೆ ಬೇರೆ ಪೊಟ್ಟಣ. ಒಂದ್ಸಲ ಕದ್ದು ಬಿಚ್ಚಿದ್ದೆ. ನಂಗೆ ಹೊಡೆದಿದ್ದು ಅದೊಂದೇ ಸಲ."

ಮಕ್ಕಳು ಕೈ ನೆಕ್ಕುವುದನ್ನು ನಿಲ್ಲಿಸಿದ್ದರು. ಎಲೆ ಖಾಲಿಯಾಗಿತ್ತು. ಎಲ್ಲರಿಗಿಂತ ಚಿಕ್ಕ ಹುಡುಗಿ ತೆವಳಿಕೊಂಡು ಹತ್ತಿರ ಬಂದು, ಪೊಟ್ಟಣದಿಂದ ಕಣ್ಣು ಕೀಳದೆ ಕೂತಳು.

ನಾಂಟೇಜಾ ನಾರಿನ ಗಂಟು ಬಿಚ್ಚಲು ನೋಡಿದಳು. ಅದು ಸಡಿಲಲಿಲ್ಲ. ಸೊಂಟದ ಮಡಿಕೆಗೆ ಕೈಹಾಕಿ, ಸವೆದು ಕಡ್ಡಿಯಂತಾಗಿದ್ದ ಚಾಕುವನ್ನು ತೆಗೆದು ನಾರನ್ನು ಕತ್ತರಿಸಿದಳು. ಗೊರೆಟ್ಟಿ ಚಾಕುವನ್ನೂ ನೋಡಿದಳು, ಅವಳ ಮುಖವನ್ನೂ ನೋಡಿದಳು. ನಾಂಟೇಜಾ ಅದರ ಹಿಡಿಯನ್ನು ಗೊರೆಟ್ಟಿಯ ಕಡೆಗೆ ತಿರುಗಿಸಿ ಬುಟ್ಟಿಯೊಳಗೆ ಇಟ್ಟಳು.

ಆಮೇಲೆ ಪೊಟ್ಟಣವನ್ನು ತೊಡೆಯ ಮೇಲೆ ಎಳೆದುಕೊಂಡು, ಅಷ್ಟೂ ಜನ ನೋಡುತ್ತಿರುವ ಹಾಗೆಯೇ, ಯಾರಿಗೂ ಒಂದು ಚೂರು ಕೊಡದೆ ನಿಧಾನವಾಗಿ ತಿಂದಳು. ಎಲೆಗೆ ಅಂಟಿದ್ದನ್ನೂ ಬೆರಳಿನಿಂದ ಬಳಿದು ತಿಂದಳು.