ಬೀಪ್ ಇಲ್ಲದ ಭಾನುವಾರ

ನಮ್ಮ ಲ್ಯಾಬಿನ ಕಂಪ್ಯೂಟರಿಗೆ ಬಾಯಿ ಜಾಸ್ತಿ. ಮೇಲ್ ಬಂದರೆ ಬೀಪ್, ಪ್ರಿಂಟರಿನಲ್ಲಿ ಕಾಗದ ಕಡಿಮೆಯಾದರೆ ಬೀಪ್, ಏನೋ ಅಪ್‌ಡೇಟ್ ಇದೆಯಂತೆ, ಅದಕ್ಕೆ ಎರಡು ಬೀಪ್. ರಕ್ತ ಪರೀಕ್ಷೆಗೆ ಬಂದವರ ಹೆಸರು ಬರೆದುಕೊಂಡು, ಸೀಸೆಗಳಿಗೆ ಚೀಟಿ ಅಂಟಿಸಿ ಫ್ರಿಜ್ಜಿನಲ್ಲಿಡುವುದು ನನ್ನ ಕೆಲಸ. ದಿನವಿಡೀ ಅದರ ಮುಂದೆಯೇ ಕೂತು ನನಗೆ ಆ ಸದ್ದು ಅಭ್ಯಾಸವಾಗಿಹೋಗಿತ್ತು.

ಅಭ್ಯಾಸವಾಗದೆ ಉಳಿದದ್ದು ಅಕ್ಕನಿಗೆ. ಅಕ್ಕ ಎಂದರೆ ನಮ್ಮ ಹಿರಿಯ ಟೆಕ್ನಿಶಿಯನ್. ಎಲ್ಲರೂ ಹಾಗೇ ಕರೆಯುತ್ತೇವೆ. ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಬಿಳಿ ರಕ್ತಕಣಗಳನ್ನು ಒಂದೊಂದಾಗಿ ನೂರರವರೆಗೆ ಎಣಿಸುವುದು ಅವರ ಕೆಲಸ. ಎಂಬತ್ತೇಳು, ಎಂಬತ್ತೆಂಟು ಎನ್ನುವಷ್ಟರಲ್ಲಿ ಬೀಪ್ ಆದರೆ ಮತ್ತೆ ಒಂದರಿಂದ ಶುರು.

ಆ ಶನಿವಾರ ಮೂರನೆಯ ಸಲ ಲೆಕ್ಕ ತಪ್ಪಿದಾಗ ಅಕ್ಕ ಕುರ್ಚಿಯನ್ನೇ ನನ್ನ ಕಡೆ ತಿರುಗಿಸಿದರು.

"ಸಂಜೆ ಕ್ಲಾಸಿಗೆ ಹೋಗಿ ಕಂಪ್ಯೂಟರ್ ಕಲಿತೋಳು ನೀನು. ಈ ಬಾಯಿಬಡುಕನ ಬಾಯಿಗೊಂದು ಬೀಗ ಹಾಕೋಕೆ ಆಗಲ್ವೇನೇ?"

ನಾನು ಕೆಳಗಿನ ಮೂಲೆಯಲ್ಲಿದ್ದ ಸ್ಪೀಕರ್ ಚಿತ್ರದ ಮೇಲೆ ಒತ್ತಿದೆ. ಒಂದೇ ಒತ್ತು. ಸದ್ದು ಅಡಗಿತು.

"ಇಷ್ಟೇನಾ? ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ ಮಹಾರಾಯ್ತಿ!" ಎಂದು ಅಕ್ಕ ಒಂದೇ ಉಸಿರಿಗೆ ನೂರು ಎಣಿಸಿ ಮುಗಿಸಿದರು. ಯಾರಿಂದಲಾದರೂ ಶಹಬ್ಬಾಸ್ ಅನ್ನಿಸಿಕೊಂಡು ಬಹಳ ದಿನವಾಗಿತ್ತು. ನಾನು ಖುಷಿಯಲ್ಲೇ ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬಟ್ಟೆ ಮಡಿಸುತ್ತಾ ಕೂತಿದ್ದೆ. ಕರೆಂಟು ಹೋಯಿತು. ಮೂಲೆಯಲ್ಲಿದ್ದ ಇನ್ವರ್ಟರ್ ಕುಯ್ ಕುಯ್ ಎಂದು ಕೂಗತೊಡಗಿತು.

"ಇದೊಂದು! ಕರೆಂಟು ಹೋಗಿದ್ದು ನಮಗೇ ಗೊತ್ತಾಗಲ್ವಾ?" ಎಂದು ಅತ್ತೆ ಗೊಣಗಿದರು.

ಕೈಯಲ್ಲಿದ್ದ ಟವೆಲ್ ಅಲ್ಲೇ ನಿಂತಿತು. ಕರೆಂಟು ಹೋದರೆ ನಮ್ಮೂರಿಗೆಲ್ಲ ಒಟ್ಟಿಗೇ ಹೋಗುತ್ತದೆ, ಲ್ಯಾಬಿಗೂ. ಲ್ಯಾಬಿನ ಫ್ರಿಜ್ಜಿಗೂ ಆ ಕಂಪ್ಯೂಟರಿಗೂ ಒಂದು ತಂತಿ ಇದೆ. ಒಳಗೆ ಎಂಟು ಡಿಗ್ರಿ ದಾಟಿದರೆ ಕಂಪ್ಯೂಟರ್ ನಿಲ್ಲದೆ ಕೂಗುತ್ತದೆ. ಕರೆಂಟಿಲ್ಲದಿದ್ದರೂ ಮೇಜಿನ ಕೆಳಗಿನ ಬ್ಯಾಟರಿಯಿಂದ ಕೂಗುತ್ತದೆ. ರಜೆಯ ದಿನ ಆ ಕೂಗು ಕೇಳಿ ವಾಚ್‌ಮನ್ ತಾತ ಜನರೇಟರ್ ಹಾಕಬೇಕು. ನಮ್ಮಲ್ಲಿ ನಡೆದುಬಂದಿರುವ ಪದ್ಧತಿಯೇ ಅದು. ನಾನು ಮೇಲ್‌ನ ಸದ್ದು, ಕಾಗದದ ಸದ್ದು ಎಂದುಕೊಂಡು ಎಲ್ಲವನ್ನೂ ಸೇರಿಸಿ ಅಡಗಿಸಿಬಿಟ್ಟಿದ್ದೆ.

ಫ್ರಿಜ್ಜಿನಲ್ಲಿ ಹದಿನೇಳು ಸೀಸೆಗಳಿದ್ದವು. ಸೋಮವಾರ ದೊಡ್ಡ ಆಸ್ಪತ್ರೆಗೆ ಹೋಗಬೇಕಾದವು. ಹದಿನಾರು ಜನರ ಮುಖ ನನಗೆ ನೆನಪಿಲ್ಲ. ಒಂದು ಮಾತ್ರ ಎರಡು ವರ್ಷದ ಮಗುವಿನದು. ನರ ಸಿಗದೆ ಮೂರು ಸಲ ಚುಚ್ಚಿದ್ದರು. ಅತ್ತು ಅತ್ತು ಮಗುವಿನ ದನಿಯೇ ಕೂತುಹೋಗಿತ್ತು. ಹೋಗುವಾಗ ಅದರ ತಾಯಿ, "ಮತ್ತೆ ಚುಚ್ಚೋದು ಇರಲ್ಲ ತಾನೇ?" ಎಂದು ಕೇಳಿದ್ದಳು. "ಖಂಡಿತ ಇಲ್ಲಮ್ಮ" ಎಂದಿದ್ದೆ. ಹಾಗೆ ಹೇಳಲು ನಾನ್ಯಾರು? ಆದರೂ ಹೇಳಿದ್ದೆ.

ಲ್ಯಾಬಿಗೆ ಫೋನ್ ಮಾಡಿದೆ. ಭಾನುವಾರ ಬೀಗ ಹಾಕಿರುವ ಒಳಗಿನ ಆಫೀಸು ಕೋಣೆಯಲ್ಲಿ ಅದು ಸುಮ್ಮನೆ ಬಡಿದುಕೊಂಡಿತು. ತಾತನ ನಂಬರು ನನ್ನ ಹತ್ತಿರ ಇರಲಿಲ್ಲ. ಚಪ್ಪಲಿ ಮೆಟ್ಟಿದೆ.

"ಗ್ಯಾಸ್ ಆಫ್ ಮಾಡಿದೀನಾ ಅಂತ ಬಸ್‌ಸ್ಟಾಪಿಂದ ವಾಪಸ್ ಬರೋಳು ನೀನು. ಇದೂ ಅದೇ ತರದ್ದಾ?" ಎಂದರು ಅತ್ತೆ.

"ಇಲ್ಲ ಅತ್ತೆ. ಇದು ನಿಜ."

ಅವರು ನನ್ನ ಮುಖ ನೋಡಿ, "ಹೋಗು ಹಾಗಾದ್ರೆ. ಬಟ್ಟೆ ನಾನು ಮಡಿಸ್ತೀನಿ" ಎಂದರು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಬಾಗಿಲು ತೆರೆಯದಿದ್ದರೆ ತಣ್ಣಗೆ ಎಷ್ಟು ಹೊತ್ತು ಉಳಿಯುತ್ತದೆ? ಫ್ರಿಜ್ ಹಳೆಯದು, ಬಾಗಿಲಿನ ರಬ್ಬರು ಸಡಿಲ. ಪ್ರತಿ ಸ್ಟಾಪಿನಲ್ಲೂ ನನ್ನ ಲೆಕ್ಕ ಬೇರೆಯಾಗುತ್ತಿತ್ತು. ಆ ತಾಯಿಗೆ ಫೋನ್ ಮಾಡಿ ಏನು ಹೇಳುವುದೆಂದು ವಾಕ್ಯ ಜೋಡಿಸಲು ನೋಡಿದೆ.

ಗೇಟಿನ ಹತ್ತಿರ ಇಳಿದಾಗ ಹಿತ್ತಲಿನಿಂದ ಗುಡುಗುಡು ಕೇಳಿಸಿತು. ಜನರೇಟರ್! ಓಡಿದೆ. ತಾತ ಮುಂದಿನ ಕೋಣೆಯಲ್ಲಿ ಫ್ರಿಜ್ಜಿನ ಎದುರಿಗೇ ಸ್ಟೂಲ್ ಹಾಕಿಕೊಂಡು ಕೂತಿದ್ದರು, ಜ್ವರ ಬಂದವರ ಪಕ್ಕ ಕೂತ ಹಾಗೆ.

"ತಾತಾ, ಎಷ್ಟಿದೆ?"

"ಐದು. ಆರಕ್ಕೆ ಹೋಗಿತ್ತು, ಇಳಿಸಿದೆ. ಯಾಕಮ್ಮಾ ಹಿಂಗೆ ಏದುಸಿರು ಬಿಡ್ತಿದೀಯ?"

ಬಗ್ಗಿ ಫ್ರಿಜ್ಜಿನ ಥರ್ಮಾಮೀಟರಿನ ಮುಳ್ಳನ್ನು ನಾನೇ ನೋಡಿದೆ. ಐದು. ಇನ್ನೊಮ್ಮೆ ನೋಡಿದೆ. ಆಮೇಲೆ ನೆಲದ ಮೇಲೆ ಕೂತುಬಿಟ್ಟೆ.

"ಸದ್ದು ನಾನೇ ಆಫ್ ಮಾಡಿದ್ದೆ ತಾತಾ. ನಿಮಗೆ ಹೆಂಗೆ ಗೊತ್ತಾಯ್ತು?"

"ಸದ್ದಿಲ್ಲದ್ದಕ್ಕೇ ಗೊತ್ತಾಯ್ತು!" ತಾತ ನಕ್ಕರು. "ಬೆಳಿಗ್ಗೆ ಬಂದಾಗಿಂದ ಈ ಕಂಪ್ಯೂಟರು ತುಟಿ ಪಿಟಕ್ ಅಂದಿಲ್ಲ. ನನ್ನ ಮೊಮ್ಮಗಳು ಕೋಣೇಲಿ ಗಲಾಟೆ ಮಾಡ್ತಿದ್ರೆ ನಾನು ತಲೆ ಕೆಡಿಸ್ಕೊಳಲ್ಲ. ಸುಮ್ಮನಾದ್ಲು ಅಂದ್ರೆ ಮಾತ್ರ ಎದ್ದು ಹೋಗಿ ನೋಡ್ತೀನಿ, ಗೋಡೆ ಮೇಲೆ ಏನೋ ಬರೀತಿರ್ತಾಳೆ. ಹಂಗೇ ಇಲ್ಲೂ ಗಂಟೆಗೊಂದ್ಸಲ ಬಂದು ನೋಡ್ದೆ. ಕರೆಂಟು ಹೋದ್ಮೇಲೆ ಜನರೇಟರ್ ಹಾಕಿ ಬಂದು ಕೂತೋನು ಎದ್ದೇ ಇಲ್ಲ."

ಮೇಜಿನ ಮೇಲೆ ಒಂದು ಹಳೆಯ ರಸೀದಿಯ ಹಿಂದೆ ಅವರು ಗಂಟೆಗಂಟೆಗೂ ಡಿಗ್ರಿ ಬರೆದಿಟ್ಟಿದ್ದರು. ನಾಲ್ಕು, ನಾಲ್ಕು, ಐದು, ಆರು, ಐದು. ನಾನು ಅದನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡೆ. ಕಂಪ್ಯೂಟರಿನ ಸದ್ದು ಮತ್ತೆ ಹಾಕಿದೆ. ಕೂಡಲೇ ಅದು ಬೀಪ್ ಎಂದಿತು. ಕಾಗದ ಕಡಿಮೆಯಂತೆ.

"ಹಾಂ, ಇನ್ನು ನಾನು ಊಟಕ್ಕೆ ಹೋಗ್ಬಹುದು" ಎಂದು ತಾತ ಎದ್ದರು.

ಸೋಮವಾರ ಬಾಗಿಲು ತೆರೆಯುವ ಮೊದಲೇ ಅಕ್ಕನಿಗೆ ಎಲ್ಲ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ರಸೀದಿ ಇಸಿದುಕೊಂಡು ಓದಿ, "ಬೀಗ ಹಾಕು ಅಂದೋಳು ನಾನಲ್ವೇನೇ. ಬಾ, ಇಬ್ಬರೂ ಕೂತು ನೋಡೋಣ" ಎಂದು ಕುರ್ಚಿ ಎಳೆದುಕೊಂಡರು.

ಹುಡುಕಿದರೆ ಒಂದೊಂದು ಸದ್ದಿಗೂ ಬೇರೆ ಬೇರೆ ಗುಂಡಿಯಿತ್ತು. ಮೇಲ್, ಕಾಗದ, ಅಪ್‌ಡೇಟ್, ಮತ್ತೆ ಅದುವರೆಗೂ ನಮಗೆ ಏನೆಂದೇ ಗೊತ್ತಿರದ ಇನ್ನೂ ಎರಡು. ನಾನು ಒಂದೊಂದನ್ನೂ ಓದಿ ಹೇಳಿದೆ, ಅಕ್ಕ ಹೂಂ ಅಂದ ಮೇಲೆ ಆಫ್ ಮಾಡಿದೆ. ಫ್ರಿಜ್ಜಿನದನ್ನು ಮಾತ್ರ ಮುಟ್ಟಲಿಲ್ಲ. ಅಷ್ಟಕ್ಕೇ ನನಗೆ ಧೈರ್ಯ ಬರಲಿಲ್ಲ. ಫ್ರಿಜ್ಜಿನೊಳಗಿನ ಸೆನ್ಸರನ್ನು ಹೊರಗೆ ಎಳೆದು ಅಂಗೈಯಲ್ಲಿ ಹಿಡಿದುಕೊಂಡು ನಿಂತೆ. ಎಂಟು ದಾಟಿತು. ಕಂಪ್ಯೂಟರ್ ಲ್ಯಾಬೇ ಹಾರಿಹೋಗುವಂತೆ ಕೂಗಿತು. ಆಗಷ್ಟೇ ಡ್ಯೂಟಿಗೆ ಬಂದಿದ್ದ ತಾತ ಗೇಟಿನಿಂದ ಓಡಿಬಂದರು.

"ಪರೀಕ್ಷೆ ಮಾಡಿದ್ವಿ ತಾತಾ, ಪರೀಕ್ಷೆ!"

"ಹೇಳಿ ಮಾಡಬಾರದೇನ್ರಮ್ಮಾ! ನನ್ನ ಜೀವ ಬಾಯಿಗೆ ಬಂತು."

ಗುರುವಾರ ರಿಪೋರ್ಟುಗಳು ಬಂದವು, ಹದಿನೇಳೂ. ಸಂಜೆ ಆ ತಾಯಿ ಬಂದಳು. ನನ್ನನ್ನು ಕಂಡದ್ದೇ ಮಗು ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿತು.

"ಮತ್ತೇನಾದ್ರೂ ಚುಚ್ಚಬೇಕಾ ಮೇಡಂ?" ಎಂದು ತಾಯಿ ಮೆಲ್ಲಗೆ ಕೇಳಿದಳು.

"ಬೇಡಮ್ಮ. ಇವತ್ತು ಕಾಗದ ಅಷ್ಟೇ."

ಮಗು ನಂಬಲಿಲ್ಲ. ನಾನು ಲಕೋಟೆಯನ್ನು ಚಾಚಿ ಹಿಡಿದುಕೊಂಡೇ ಇದ್ದೆ. ಹಿಂದುಗಡೆ ಅಕ್ಕ ತೊಂಬತ್ತೆಂಟು, ತೊಂಬತ್ತೊಂಬತ್ತು ಎನ್ನುತ್ತಿದ್ದರು. ನೂರು ಎಂದಾಗ ಮಗುವಿನ ಒಂದು ಕೈ ಮೆಲ್ಲಗೆ ಹೊರಗೆ ಬಂದು ಲಕೋಟೆಯ ತುದಿ ಹಿಡಿಯಿತು.