ಎರಡು ಸಲ ಕಟ್ಟಿದ ತೋಳು

ನಾನು ಒಂದು ರಬ್ಬರ್ ಪಟ್ಟಿ. ಮೊದಲು ಸೈಕಲ್ಲಿನ ಟ್ಯೂಬಾಗಿದ್ದೆ. ತಾಲ್ಲೂಕು ಆಸ್ಪತ್ರೆಯ ಲ್ಯಾಬಿನ ಗೌಸ್‌ಸಾಬರನ್ನು ಹೊತ್ತು ತಿರುಗಿದೆ. ಮೈತುಂಬ ತೇಪೆ ಬಿದ್ದ ಮೇಲೂ ಅವರು ನನ್ನನ್ನು ಎಸೆಯಲಿಲ್ಲ. ಚೆನ್ನಾಗಿ ಉಳಿದಿದ್ದ ಮೊಳದಷ್ಟನ್ನು ಕತ್ತರಿಸಿ, ಸೋಪು ಹಚ್ಚಿ ತೊಳೆದು, ಲ್ಯಾಬಿನ ಮೊಳೆಗೆ ತೂಗುಹಾಕಿದರು. ರಕ್ತ ತೆಗೆಯುವಾಗ ರೋಗಿಯ ತೋಳಿಗೆ ಬಿಗಿದು ನರ ಎಬ್ಬಿಸುವುದು ನನ್ನ ಕೆಲಸ.

ಕೆಲಸದ ಜೊತೆಗೆ ಮತ್ಸರವೂ ಬಂತು. ಎದುರಿನ ಸ್ಟ್ಯಾಂಡಿನಲ್ಲಿ ಪುಟ್ಟ ಸೀಸೆಗಳು ನೇರಳೆ ಟೋಪಿ, ಕೆಂಪು ಟೋಪಿ ಹಾಕಿಕೊಂಡು ಮದುಮಕ್ಕಳ ಹಾಗೆ ನಿಂತಿರುತ್ತಿದ್ದವು. ನರ ಎಬ್ಬಿಸುವುದು ನಾನು, ರಕ್ತ ಅವಕ್ಕೆ. ಹೆಸರಿನ ಚೀಟಿಯೂ ಅವಕ್ಕೇ. ಕೈಚಾಚಿ ಎತ್ತಿಕೊಳ್ಳುವವರು ಅವಕ್ಕೆ ಎಷ್ಟು ಜನ! ನಾನು ಮೊಳೆಯಿಂದ ಅವನ್ನೇ ನೋಡುತ್ತ ತೂಗಾಡುತ್ತಿದ್ದೆ.

ಒಂದು ಮಧ್ಯಾಹ್ನ ನಾಟಕ ಕಂಪನಿಯ ಮಾಲಕ ಬಸವಂತಪ್ಪ ತನ್ನ ನಾಯಕಿ ಕಸ್ತೂರಿಯನ್ನು ಕರೆತಂದ. ಅವಳಿಗೆ ಬೆಳಿಗ್ಗೆಯಿಂದ ಹೊಟ್ಟೆನೋವು. ಜೊತೆಗೆ ಚಂಪಾ ಬಂದಿದ್ದಳು. ನಾಟಕದಲ್ಲಿ ನಾಯಕಿಯ ಗೆಳತಿಯ ಪಾತ್ರದವಳು. ಅವಳು ಕಸ್ತೂರಿಯನ್ನು ನೋಡುವ ನೋಟ ಕಂಡು ತಕ್ಷಣ ಗುರುತು ಹಿಡಿದೆ. ನಾನು ಸೀಸೆಗಳನ್ನು ನೋಡುವುದೂ ಹಾಗೆಯೇ.

ಡಾಕ್ಟರಮ್ಮ ಅವಳನ್ನು ಲ್ಯಾಬಿನ ಮಂಚದ ಮೇಲೆಯೇ ಮಲಗಿಸಿ ಹೊಟ್ಟೆ ಒತ್ತಿ ನೋಡಿ, ಅಪೆಂಡಿಕ್ಸ್ ಇರಬಹುದೆಂದು ರಕ್ತ ತೆಗೆಸಿದರು. ನಾನು ತೋಳು ಬಿಗಿದೆ, ಸೀಸೆ ತುಂಬಿತು. ಸೋಂಕಿದ್ದರೆ ಏರಬೇಕಾದ ಬಿಳಿ ರಕ್ತಕಣಗಳು ಹೆಚ್ಚಾಗಿರಲಿಲ್ಲ.

"ನೋಡ್ರಿ ಮೇಡಮ್ಮಾರ, ಇದು ಪಾರ್ಟ್ ಐತಿ," ಎಂದ ಬಸವಂತಪ್ಪ. "ದಿನಾ ಸ್ಟೇಜಿನ ಮ್ಯಾಲೆ ಸಾಯ್ತಾಳ, ಮತ್ತ ಎದ್ದು ಚಾ ಕುಡೀತಾಳ. ಪಗಾರ ಏರಸ್ಕೊಳ್ಳೂ ಆಟ ಇದು."

"ಶುರುವಿನಾಗ ರಕ್ತ ಸುಮ್ಮನಿರಬಹುದು. ಈ ಒಂದು ಲೆಕ್ಕ ನೋಡಿ ಏನೂ ಇಲ್ಲ ಅನ್ನಾಕ ಬರೂದಿಲ್ಲ. ಸಂಜೀ ಮಟಾ ಇರಲಿ. ಇನ್ನೊಮ್ಮೆ ನೋಡ್ತೀನಿ, ಒಳಗಿನ ಬಾವು ತೋರಸೂ ಸಿ.ಆರ್.ಪಿ. ಪರೀಕ್ಷಾನೂ ಮಾಡಸ್ತೀನಿ."

"ಸಂಜೀಕ ನಾಟಕ ಐತ್ರೀ!"

ಕಸ್ತೂರಿ ಮಂಚದಿಂದ ಇಳಿದೇಬಿಟ್ಟಳು. "ನಾ ಬರ್ತೀನ್ರೀ ಮಾಲಕರ. ಇಲ್ಲಂದ್ರ ಇಕಿ ನನ್ನ ಪಾರ್ಟ್ ನುಂಗತಾಳ."

ಚಂಪಾ ಬಾಗಿಲಿಗೆ ಅಡ್ಡ ನಿಂತಳು.

"ಅಕಿ ಸುಳ್ಳ ನೋವು ನಾ ಭಾಳ ನೋಡೇನ್ರೀ ಮಾಲಕರ. ಸುಳ್ಳ ನೋವಿದ್ರ ಮಂದಿ ಕಡೆ ಮಾರಿ ಮಾಡ್ತಾಳ. ಇವತ್ತ ಮಂದೀಗೆ ಬೆನ್ನು ಕೊಟ್ಟು ಗ್ವಾಡಿ ಕಡೆ ಮಾಡ್ಯಾಳ. ಬಲಗಾಲು ನೆಟ್ಟಗ ಚಾಚವಲ್ಲಳು."

"ಪಾರ್ಟ್ ನಿನಗ ಸಿಗತೈತಂತ ಹೇಳಾಕತ್ತೀ?" ಎಂದ ಬಸವಂತಪ್ಪ.

"ಹೂಂ, ಸಿಗತೈತಿ. ಅದರ ಆಸೀಗೇ ಇಷ್ಟು ವರ್ಷ ಅಕೀನ್ನ ರೆಪ್ಪಿ ಬಡೀದ ನೋಡೇನಿ. ನನಗ ಗೊತ್ತಾಗಲಿಲ್ಲಂದ್ರ ಮತ್ಯಾರಿಗೆ ಗೊತ್ತಾಗಬೇಕು?"

ಬಸವಂತಪ್ಪ ಸ್ಟೂಲು ಎಳೆದುಕೊಂಡು ಕೂತ. ಕಸ್ತೂರಿ ಚಂಪಾಳನ್ನು ಶಪಿಸುತ್ತಲೇ ಮತ್ತೆ ಮಲಗಿದಳು.

ಸಂಜೆ ನನ್ನನ್ನು ಅದೇ ತೋಳಿಗೆ ಕಟ್ಟಿದರು. ತೋಳು ಈಗ ಸುಡುತ್ತಿತ್ತು, ನರ ಒಳಗೆ ಅಡಗಿತ್ತು. ಗೌಸ್‌ಸಾಬರು ಬಿಚ್ಚಿ ಮತ್ತೆ ಕಟ್ಟಿದರು. ನಾನು ಹರಿಯುವಷ್ಟು ಎಳೆದುಕೊಂಡು ನರ ಎಬ್ಬಿಸಿದೆ. ಈ ಸಲ ಬಿಳಿಕಣಗಳು ಏರಿದ್ದವು, ಸಿ.ಆರ್.ಪಿ.ಯೂ ಏರಿತ್ತು. ಡಾಕ್ಟರಮ್ಮ ಮತ್ತೆ ಹೊಟ್ಟೆ ಒತ್ತಿ ಕೈ ತೆಗೆದಾಗ ಕಸ್ತೂರಿ ಚೀರಿದಳು. ಇನ್ನು ಅನುಮಾನ ಉಳಿಯಲಿಲ್ಲ. ಆಪರೇಷನ್ ಮಾಡಿದಾಗ ಅಪೆಂಡಿಕ್ಸ್ ಒಡೆಯುವ ಹಾಗೆ ಬಾತಿತ್ತಂತೆ. ವಾರ್ಡಿನಲ್ಲೆಲ್ಲ ಒಂದೇ ಮಾತು: "ರಕ್ತಾನ ಹೇಳಿಬಿಡ್ತು ನೋಡು." ಹೊಗಳಿಕೆಯೂ ಸೀಸೆಗೇ ಹೋಯಿತು! ನಾನು ಮೊಳೆಯ ಮೇಲೆ ಬೆಂದುಹೋದೆ.

ಹೊಲಿಗೆ ಬಿಚ್ಚಿಸಲು ಬಂದ ದಿನ ಕಸ್ತೂರಿ ಚಂಪಾಳ ಹೆಗಲು ಹಿಡಿದು ನಡೆಯುತ್ತಿದ್ದಳು.

"ನನ್ನ ಪಾರ್ಟ್ ಹೆಂಗಾತು?"

"ಮಂದಿ ಸಿಳ್ಳಿ ಹೊಡದ್ರು. ಅಳೂದು ಮಾತ್ರ ನಿನ್ನಂಗ ಬರಲಿಲ್ಲ."

"ಬರಲೂ ಬಾರದು," ಎಂದು ಕಸ್ತೂರಿ ನಕ್ಕಳು. ಹೆಗಲು ಮಾತ್ರ ಬಿಡಲಿಲ್ಲ.

ಈಗ ಲ್ಯಾಬಿಗೆ ಕೊಂಡಿಯಿರುವ ನೀಲಿ ಪಟ್ಟಿ ಬಂದಿದೆ. ನಾನು ಮತ್ತೆ ಸೈಕಲ್ಲಿಗೇ ಸೇರಿದ್ದೇನೆ. ಕ್ಯಾರಿಯರಿನಲ್ಲಿ ಗೌಸ್‌ಸಾಬರ ಊಟದ ಡಬ್ಬಿ ಬಿಗಿದುಕೊಂಡಿರುತ್ತೇನೆ. ಮೈಯೆಲ್ಲ ಬಿರುಕು. ಸೈಕಲ್ಲು ನಿಲ್ಲುವುದು ಲ್ಯಾಬಿನ ಕಿಟಕಿಯ ಹತ್ತಿರ. ಅಲ್ಲಿಂದ ನೀಲಿ ಪಟ್ಟಿಯನ್ನು ದಿನವಿಡೀ ನೋಡುತ್ತೇನೆ. ಮಕ್ಕಳ ತೋಳಿನಲ್ಲಿ ಅದು ಜಾರುತ್ತದೆ. ಮುದುಕಿಯರ ಚರ್ಮ ಚಿವುಟುತ್ತದೆ. ಕೊಂಡಿಯ ಹಲ್ಲೊಂದು ಸವೆದಿರುವುದು ಗೌಸ್‌ಸಾಬರಿಗೆ ಇನ್ನೂ ತಿಳಿದಿಲ್ಲ. ನನಗೆ ತಿಳಿದಿದೆ, ಆದರೆ ಹೇಳಲು ಬಾಯಿಲ್ಲ. ಚಂಪಾಳಿಗೆ ಬಾಯಿತ್ತು. ಸೀಸೆಗಳನ್ನು ನಾನು ಎಂದೋ ಕ್ಷಮಿಸಿದೆ. ಅವಳ ಮೇಲಿನ ಅಸೂಯೆ ಮಾತ್ರ ಇನ್ನೂ ಹೋಗಿಲ್ಲ.